ಎರಡು ನಿಮಿಷಕ್ಕೆ ಒಂದು ಬ್ಯಾಗ್

ಎಲ್ಲರಿಗೂ ನಮಸ್ಕಾರ. ಸೂಟ್‌ಕೇಸ್ ಹಿಡಿದು ಏದುಸಿರು ಬಿಡುತ್ತಾ ಮನೆ ಮೆಟ್ಟಿಲು ಹತ್ತುತ್ತಿರುವುದು ನಾನೇ. ಇದು ಮೂರನೇ ಸುತ್ತು. ಕೆಳಗೆ ನಿಂತು ಫೋನಿನಲ್ಲಿ ಟೈಮ್ ನೋಡುತ್ತಿರುವವರು ನಮ್ಮಮ್ಮ. ಇನ್ನು ಹತ್ತು ದಿನಕ್ಕೆ ನಾವಿಬ್ಬರೂ ಸ್ವಿಟ್ಜರ್ಲೆಂಡಿನಲ್ಲಿರುತ್ತೇವೆ. ಗ್ರೂಪ್ ಟೂರ್. ಇಪ್ಪತ್ತಾರು ಜನ, ಒಬ್ಬ ಟೂರ್ ಮ್ಯಾನೇಜರ್. ಬಸ್ಸಿಲ್ಲ, ಪೂರ್ತಿ ರೈಲು.

ಗ್ರೂಪಿನಲ್ಲಿ ಹೋದರೆ ನಮಗೇನು ಕೆಲಸ, ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ ಅಲ್ವಾ? ಟಿಕೆಟ್, ಹೋಟೆಲ್, ಸೀಟ್ ರಿಸರ್ವೇಶನ್, ಎಲ್ಲ ಅವರದೇ, ನಿಜ. ಆದರೆ ರೈಲು ಅವರ ಮಾತು ಕೇಳುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಬೇರೆ ದೇಶ, ಬೇರೆ ಕಂಪನಿಯ ಟೂರ್. ಚಿಕ್ಕ ಸ್ಟೇಷನ್, ರೈಲು ನಿಲ್ಲುವುದು ಎರಡೇ ನಿಮಿಷ. ರೈಲು ಬಂತು, ನಮ್ಮ ಗ್ರೂಪಿನವರೆಲ್ಲ ಒಂದೇ ಬಾಗಿಲಿಗೆ ಮುಗಿಬಿದ್ದೆವು. ಪಕ್ಕದ ಬಾಗಿಲು ಖಾಲಿ ಇತ್ತು, ಯಾರೂ ಆ ಕಡೆ ನೋಡಲೇ ಇಲ್ಲ. ಅಮ್ಮ ಹತ್ತಿದರು. ಅವರ 23 ಕೆ.ಜಿ. ಸೂಟ್‌ಕೇಸ್ ಎತ್ತಲು ನಾನು ಬಗ್ಗಿದೆ. ಬೀಪ್ ಬೀಪ್ ಅಂತ ಸದ್ದು. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ಅಮ್ಮ, ಈಚೆ ನಾನು. ಅಮ್ಮನ ಫೋನ್ ನನ್ನ ಜೇಬಿನಲ್ಲಿ, ನನ್ನ ಪಾಸ್‌ಪೋರ್ಟ್ ಅಮ್ಮನ ಕೈಚೀಲದಲ್ಲಿ. ಮುಂದಿನ ರೈಲಿಗೆ ಒಂದು ಗಂಟೆ ಕಾದೆ. ಆ ಒಂದು ಗಂಟೆ ಅಮ್ಮ ಏನು ಅನುಭವಿಸಿದರು ಅಂತ ಇವತ್ತಿಗೂ ದಿನಕ್ಕೊಂದು ಸಲ ಹೇಳುತ್ತಾರೆ.

ಅದಕ್ಕೇ ಈ ಸಲ ಮೆಟ್ಟಿಲ ಪ್ರಾಕ್ಟೀಸು. ನನ್ನ ರೂಲ್ ಒಂದೇ. ಯಾರ ಸಹಾಯವೂ ಇಲ್ಲದೆ, ಒಂದೇ ಕೈಯಲ್ಲಿ ಎತ್ತಿ ಮೂರು ಮೆಟ್ಟಿಲು ಹತ್ತಲು ಆಗದ ಬ್ಯಾಗ್ ಮನೆಯಲ್ಲೇ ಇರಲಿ. ಇನ್ನೊಂದು ಕೈ ಕಂಬಿ ಹಿಡಿಯಲು ಬೇಕು. ನನಗೆ ಆ ಲೆಕ್ಕ 11 ಕೆ.ಜಿ.ಗೆ ಬಂದು ನಿಂತಿತು. ಅಮ್ಮನಿಗೆ 8. ಪಾಸ್‌ಪೋರ್ಟ್, ಫೋನ್, ಮಾತ್ರೆ, ಟೂರಿನ ವೇಳಾಪಟ್ಟಿ ಅವರವರ ಮೈಮೇಲೆ. ಇದರಲ್ಲಿ ಚೌಕಾಶಿ ಇಲ್ಲ.

ಲಗೇಜ್ ಹಿಂದಿನಿಂದ ಗಾಡಿಯಲ್ಲಿ ಬರುತ್ತೆ ಬಿಡಿ ಅನ್ನುವ ಹಾಗೂ ಇಲ್ಲ. ನಾವು ಉಳಿದುಕೊಳ್ಳುವ ಜರ್ಮಾಟ್‌ಗೆ ಪೆಟ್ರೋಲ್, ಡೀಸೆಲ್ ಕಾರುಗಳನ್ನೇ ಬಿಡುವುದಿಲ್ಲ. ಕಾರಿನಲ್ಲಿ ಬಂದವರೂ ಟ್ಯಾಶ್ ಎಂಬ ಊರಿನಲ್ಲಿ ನಿಲ್ಲಿಸಿ ರೈಲು ಹತ್ತಬೇಕು.

ಸ್ವಿಸ್ ಸ್ಟೇಷನ್ನಿನ ಗಡಿಯಾರ ನೋಡಿದ್ದೀರಾ? ಬಿಳಿ ಮುಖ, ಅಂಕಿಗಳಿಲ್ಲ, ದಪ್ಪ ಕಪ್ಪು ಗೆರೆಗಳು. ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ 1944ರಲ್ಲಿ ರೂಪಿಸಿದ್ದು. ತುದಿಯಲ್ಲಿ ಗುಂಡಗಿನ ಬಿಲ್ಲೆ ಇರುವ ಕೆಂಪು ಸೆಕೆಂಡ್ ಮುಳ್ಳು ಆಮೇಲೆ 1953ರಲ್ಲಿ ಸೇರಿತು. ಮಜಾ ಇರುವುದು ಆ ಮುಳ್ಳಿನಲ್ಲಿ. ಸುಮಾರು 58.5 ಸೆಕೆಂಡಿಗೇ ಸುತ್ತು ಮುಗಿಸಿ ಹನ್ನೆರಡರ ಮೇಲೆ ಸುಮ್ನೆ ನಿಂತುಬಿಡುತ್ತದೆ. ನಿಮಿಷದ ಮುಳ್ಳು ಟಕ್ ಅಂತ ಮುಂದಕ್ಕೆ ಹಾರಿದ ಮೇಲೆ ಮತ್ತೆ ಹೊರಡುತ್ತದೆ. ಇಡೀ ದೇಶದಲ್ಲಿ ನಮ್ಮಂಥವರಿಗಾಗಿ ಕಾಯುವುದು ಅದೊಂದೇ ಮುಳ್ಳು, ಅದೂ ಒಂದೂವರೆ ಸೆಕೆಂಡ್. ಒಂದು ರೈಲು ಇಳಿದು ಇನ್ನೊಂದು ಹಿಡಿಯಲು ಐದಾರು ನಿಮಿಷ ಸಿಗುವುದು ಅಲ್ಲಿ ಮಾಮೂಲು.

ಒಂದು ಅನುಕೂಲ ಇದೆ. ಅಲ್ಲಿನ ದೊಡ್ಡ ಸ್ಟೇಷನ್ನುಗಳ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎ, ಬಿ, ಸಿ, ಡಿ ಎಂದು ಬೋರ್ಡುಗಳಿರುತ್ತವೆ. ಯಾವ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಅಂತ ಮೊದಲೇ ನೋಡಿಕೊಂಡು ಅಲ್ಲೇ ನಿಲ್ಲಬಹುದು. ಟೂರ್ ಮ್ಯಾನೇಜರ್ ಹೇಳಲಿ ಅಂತ ಕಾಯಬೇಡಿ. ಮೊದಲು ಹತ್ತುವವರು ಬಾಗಿಲಲ್ಲೇ ನಿಂತು ಸೀಟ್ ನಂಬರ್ ಹುಡುಕಲೂ ಬೇಡಿ. ಒಳಗೆ ನಡೆಯಿರಿ, ಹಿಂದೆ ಇಪ್ಪತ್ತೈದು ಜನ ಇದ್ದಾರೆ.

ಇನ್ನು ನಾನು ಕಾಯುತ್ತಿರುವುದು ಗ್ಲೇಸಿಯರ್ ಎಕ್ಸ್‌ಪ್ರೆಸ್‌ಗೆ. ಹೆಸರಿಗೆ ಮಾತ್ರ ಎಕ್ಸ್‌ಪ್ರೆಸ್. ಜರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ 291 ಕಿ.ಮೀ., ಅದಕ್ಕೆ ಸುಮಾರು 8 ಗಂಟೆ. ದಾರಿಯಲ್ಲಿ 91 ಸುರಂಗ, ಸೇತುವೆಗಳೂ 291. ಅದರ ಕಿಟಕಿ ಚಾವಣಿವರೆಗೂ ಇದೆ, ಆದರೆ ತೆರೆಯುವುದಿಲ್ಲ. ಬಿಳಿ ಅಂಗಿ ಹಾಕಿಕೊಂಡು ಶೂಟ್ ಮಾಡಿದರೆ ಗಾಜಿನಲ್ಲಿ ಬೆಟ್ಟದ ಮೇಲೆ ನನ್ನದೇ ಪ್ರತಿಬಿಂಬ ಕಾಣುತ್ತದೆ. ಹಾಗಾಗಿ ಆ ದಿನಕ್ಕೆ ಕಪ್ಪು ಟೀ ಶರ್ಟ್, ಲೆನ್ಸಿನ ಸುತ್ತ ಹಿಡಿಯಲು ಒಂದು ಕಪ್ಪು ಬಟ್ಟೆ. ಚಾರ್ಜರಿಗೆ ತೆಳು ಪಿನ್ನಿನ ಪ್ಲಗ್. ದಪ್ಪ ಪಿನ್ನು ಅಲ್ಲಿ ಕೂರುವುದಿಲ್ಲ.

ಮರುದಿನ ಬರ್ನಿನಾ ಲೈನ್ ಎಂಬ ಬೆಟ್ಟದ ರೈಲು ದಾರಿ. 2253 ಮೀಟರ್ ಎತ್ತರದ ಓಸ್ಪಿಟ್ಸಿಯೋ ಬರ್ನಿನಾ ಸ್ಟೇಷನ್ನಿನಿಂದ 429 ಮೀಟರಿನ ಟಿರಾನೊಗೆ ಇಳಿಯುತ್ತೇವೆ. ಮೇಲೆ ಜಾಕೆಟ್ ಬೇಕು, ಕೆಳಗೆ ಬಿಚ್ಚಬೇಕು. ಒಂದು ದಪ್ಪ ಸ್ವೆಟರ್ ಬದಲು ಮೂರು ತೆಳು ಪದರ ಇಟ್ಟುಕೊಂಡಿದ್ದೇನೆ. ಟಿರಾನೊ ಇರುವುದು ಇಟಲಿಯಲ್ಲಿ, ಆದ್ದರಿಂದ ಪಾಸ್‌ಪೋರ್ಟ್ ಹೋಟೆಲ್ಲಿನಲ್ಲಿ ಬಿಟ್ಟು ಹೊರಡುವ ಹಾಗಿಲ್ಲ.

ಈಗ ಅಮ್ಮನ ಸರದಿ. ತಕ್ಕಡಿ 9.6 ತೋರಿಸುತ್ತಿದೆ. "ತಕ್ಕಡಿನೇ ಸರಿ ಇಲ್ಲ ಕಣೋ" ಅನ್ನುತ್ತಿದ್ದಾರೆ. ಶಾಲಿನ ಕೆಳಗಿಂದ ಇನ್ನೊಂದು ಶಾಲು ಹೊರಗೆ ಬಂತು. ಅದರ ಕೆಳಗೆ ಮತ್ತೊಂದು. ಕ್ಯಾಮೆರಾ ಆಫ್ ಮಾಡಬೇಕಂತೆ, ಜಿಪ್ ಎಳೆಯಲು ನಾನು ಬೇಕಂತೆ.