ರೇಖಾಂಶಕ್ಕೆ ಗಡಿಯಾರವೇ ಬೇಕು

ಕೇಳುಗರಿಗೆಲ್ಲ ನಮಸ್ಕಾರ. ನಡುಗಡಲಲ್ಲಿ ಹಡಗು ಎಲ್ಲಿದೆಯೆಂದು ತಿಳಿಯುವುದು ಹೇಗೆ? ನಕ್ಷತ್ರ ನೋಡಿ ಎನ್ನುತ್ತೀರಿ. ಅದು ಅರ್ಧ ಉತ್ತರ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ನಿಮ್ಮ ಅಕ್ಷಾಂಶ. ಮಂಗಳೂರಿನಲ್ಲಿ ಸುಮಾರು 13, ಬೀದರಿನಲ್ಲಿ 18. ಪೂರ್ವ-ಪಶ್ಚಿಮದ ಲೆಕ್ಕಕ್ಕೆ, ಅಂದರೆ ರೇಖಾಂಶಕ್ಕೆ, ಆಕಾಶವೊಂದೇ ಸಾಲದು. ಗಡಿಯಾರವೂ ಬೇಕು.

ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ. ಡಿಗ್ರಿಗೆ 4 ನಿಮಿಷ. ರೇಖಾಂಶದ ಸೊನ್ನೆ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ. ಹಡಗಿನಲ್ಲಿ ನಡುಹಗಲಾದಾಗ ಗ್ರೀನಿಚ್ ಸಮಯದ ಗಡಿಯಾರ 3 ಗಂಟೆ 20 ನಿಮಿಷ ತೋರಿಸಿತು ಅನ್ನಿ. 200 ನಿಮಿಷವನ್ನು 4ರಿಂದ ಭಾಗಿಸಿ: ನೀವು 50 ಡಿಗ್ರಿ ಪಶ್ಚಿಮದಲ್ಲಿದ್ದೀರಿ. ಇಷ್ಟೇ!

ಆದರೆ ಅಂಥ ಗಡಿಯಾರ ಇರಲಿಲ್ಲ. ಹಡಗು ಹೊಯ್ದಾಡಿದರೆ ಲೋಲಕ ಕೆಡುತ್ತದೆ, ಸೆಕೆಗೆ ಲೋಹ ಹಿಗ್ಗುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. 1714ರಲ್ಲಿ ಬ್ರಿಟಿಷ್ ಸಂಸತ್ತು ಅರ್ಧ ಡಿಗ್ರಿಯೊಳಗಿನ ನಿಖರತೆಗೆ 20,000 ಪೌಂಡ್ ಬಹುಮಾನ ಸಾರಿತು. ಅರ್ಧ ಡಿಗ್ರಿ ಎಂದರೆ, ನೆನಪಿದೆಯಲ್ಲ, 2 ನಿಮಿಷ.

ಚಂದ್ರನ ಚಲನೆಯಿಂದಲೇ ಸಮಯ ತಿಳಿಯಬಹುದೆಂದು ಪಂಡಿತರು ಅದರ ಕಡೆ ನೋಡುತ್ತಿದ್ದಾಗ ಜಾನ್ ಹ್ಯಾರಿಸನ್ ಎಂಬ ಬಡಗಿ ಗಡಿಯಾರ ಕಟ್ಟಲು ಕೂತ. ಮೊದಲ ಮೂರು ದೊಡ್ಡ ಯಂತ್ರಗಳು. ನಾಲ್ಕನೆಯದು 13 ಸೆಂಟಿಮೀಟರ್ ಅಗಲದ ಜೇಬುಗಡಿಯಾರದಂಥದ್ದು. ಸೆಕೆಂಡಿಗೆ ಐದು ಬಾರಿ ಮಿಡಿಯುವ ಚಕ್ರ, ಸೆಕೆ-ಚಳಿ ಸರಿದೂಗಿಸಲು ಹಿತ್ತಾಳೆ-ಉಕ್ಕಿನ ಜೋಡಿಪಟ್ಟಿ. 1761ರ ನವೆಂಬರಿನಲ್ಲಿ ಮಗ ವಿಲಿಯಂ ಅದನ್ನು ಹಿಡಿದು ಡೆಟ್‌ಫರ್ಡ್ ಎಂಬ ಹಡಗಿನಲ್ಲಿ ಜಮೈಕಾಕ್ಕೆ ಹೊರಟ. ದಾರಿಯಲ್ಲಿ ಬಿಯರ್ ಕೆಟ್ಟು, ಸಿಬ್ಬಂದಿ ಬರೀ ನೀರು ಕುಡಿಯುವ ಪಾಡಾಯಿತು. ಮದೀರಾ ದ್ವೀಪ ಯಾವಾಗ ಸಿಗುತ್ತದೋ! ಕ್ಯಾಪ್ಟನ್ನನ ಅಂದಾಜಿಗೂ ವಿಲಿಯಮನ ಗಡಿಯಾರಕ್ಕೂ ಒಂದೂವರೆ ಡಿಗ್ರಿ ವ್ಯತ್ಯಾಸ. ಹೀಗೇ ಹೋಗಿ, ನಾಳೆ ನೆಲ ಕಾಣುತ್ತದೆ ಎಂದ ವಿಲಿಯಂ. ಕ್ಯಾಪ್ಟನ್ ನಂಬದೆ ಪಂತ ಕಟ್ಟಿದ. ಮರುದಿನ ಬೆಳಿಗ್ಗೆ ಭೂಮಿ ಕಂಡಿತು! ಜಮೈಕಾ ಮುಟ್ಟಿದಾಗ ಗಡಿಯಾರ ಹಿಂದೆಬಿದ್ದದ್ದು ಬರೀ 5 ಸೆಕೆಂಡು. ಅಷ್ಟಾದರೂ ಬಹುಮಾನದ ತೀರ್ಪು ಕೊಡುವ ಮಂಡಳಿಯವರು ಅದೃಷ್ಟ ಎಂದರು, ನೋಡಿ. ಜಾನ್ ಹ್ಯಾರಿಸನ್ ಕೈಗೆ ಹಣದ ಕೊನೆಯ ಕಂತು ಬಂದದ್ದು 1773ರಲ್ಲಿ.

ಚಂದ್ರನ ವಿಧಾನ ಹೇಳಲು ಸಮಯ ಉಳಿದಿಲ್ಲ. ಮನೆಯಲ್ಲಿ ಮಾಡುವ ಲೆಕ್ಕವೊಂದನ್ನು ಮಾತ್ರ ಹೇಳುತ್ತೇನೆ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಅಲ್ಲಿ ನಡುಹಗಲು 12ಕ್ಕಲ್ಲ, ಸರಾಸರಿ 12.20ಕ್ಕೆ. ಪರೀಕ್ಷಿಸಲು ಸಮತಟ್ಟು ನೆಲದಲ್ಲಿ ಕೋಲೊಂದನ್ನು ತೂಗುದಾರ ಹಿಡಿದು ನೆಟ್ಟಗೆ ನಿಲ್ಲಿಸಿ. ಅತಿ ಗಿಡ್ಡ ನೆರಳಿಗೆ ಕಾಯಬೇಡಿ, ನಡುಹಗಲಲ್ಲಿ ನೆರಳಿನ ಉದ್ದ ಬದಲಾಗುವುದು ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಕೋಲಿನ ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಸಮಯ, ಮಧ್ಯಾಹ್ನ ಮತ್ತೆ ಮುಟ್ಟಿದ ಸಮಯ, ಎರಡನ್ನೂ ಬರೆದುಕೊಳ್ಳಿ. ಅವುಗಳ ನಟ್ಟನಡುವಿನ ಸಮಯವೇ ನಿಮ್ಮೂರಿನ ನಡುಹಗಲು.