ಲ್ಯಾಟಿನ್ ಕ್ಲಾಸು, ಮರಗೆಲಸದ ಕ್ಲಾಸು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದ ಹಾಗೇ ದಾರಿ ಕವಲೊಡೆಯುತ್ತದೆ. ಒಬ್ಬ ಪಿಯುಸಿಗೆ ಹೋಗುತ್ತಾನೆ, ಇನ್ನೊಬ್ಬ ಐಟಿಐಗೆ. ಆಮೇಲೆ ಇಬ್ಬರ ಕಟ್ಟಡ ಬೇರೆ, ಗೆಳೆಯರು ಬೇರೆ. ನೆಂಟರ ಮನೆಯಲ್ಲಿ ಸಿಗುವ ಮರ್ಯಾದೆಯೂ ಬೇರೆ. 1950ರ ಸುಮಾರಿನ ಅಮೆರಿಕದ ಎಷ್ಟೋ ಊರುಗಳಲ್ಲಿ ಹೀಗಿರಲಿಲ್ಲ. ಲ್ಯಾಟಿನ್ ಓದುವ ಹುಡುಗನೂ ಲೇತ್ ಮುಂದೆ ನಿಲ್ಲುವ ಹುಡುಗನೂ ಒಂದೇ ಹೈಸ್ಕೂಲಿಗೆ ಬರುತ್ತಿದ್ದರು. ಇವತ್ತು ಆ ಶಾಲೆಯ ಬಗ್ಗೆ ಮಾತಾಡುತ್ತೇನೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದಿದೆ, ಮನಸ್ಸಿಗೆ ನೋವಾದದ್ದೂ ಇದೆ.

ನಮ್ಮ ಶಾಲೆಗಳಲ್ಲಿ ಮಕ್ಕಳು ಕೂತಲ್ಲೇ ಕೂತಿರುತ್ತಾರೆ, ಮೇಷ್ಟ್ರು ಬದಲಾಗುತ್ತಾರೆ. ಅಲ್ಲಿ ಬೆಲ್ ಹೊಡೆದರೆ ಮಕ್ಕಳೇ ಪುಸ್ತಕ ಎತ್ತಿಕೊಂಡು ಇನ್ನೊಂದು ಕೋಣೆಗೆ ನಡೆಯಬೇಕು. ಬೆಳಿಗ್ಗೆ ಇಂಗ್ಲಿಷ್, ಆಮೇಲೆ ಬೀಜಗಣಿತ. ಮುಂದಿನ ಗಂಟೆಗೆ ಅದೇ ಹುಡುಗ ಮರದ ಹೊಟ್ಟಿನ ವಾಸನೆಯ ವರ್ಕ್‌ಶಾಪಿನಲ್ಲಿ ಹಲಗೆಗೆ ಉಜ್ಜುಗೊರಡು ಹಿಡಿದು ನಿಂತಿರುತ್ತಾನೆ. ಈ ಕ್ಲಾಸಿಗೆ ಅವರು ಸುಮ್ನೆ 'ಶಾಪ್' ಅನ್ನುತ್ತಿದ್ದರು. ಮರದ ಶಾಪ್, ಲೋಹದ ಶಾಪ್, ಕಾರು ರಿಪೇರಿಯ ಶಾಪ್. ಸ್ಟೂಲೋ ದೀಪದ ಸ್ಟ್ಯಾಂಡೋ ತಯಾರಾದರೆ ಹುಡುಗ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಅಮ್ಮನಿಗೆ ಕೊಡುತ್ತಿದ್ದ.

ನನಗೆ ಇಷ್ಟವಾದದ್ದು ಇಲ್ಲಿದೆ. ವರ್ಷವಿಡೀ ದಿನಕ್ಕೊಂದು ಪೀರಿಯಡ್ ಓದಿದರೆ ಒಂದು ಯೂನಿಟ್ ಅಂತ ಅವರ ಲೆಕ್ಕ. ಇಷ್ಟು ಯೂನಿಟ್ ಸೇರಿದರೆ ಹೈಸ್ಕೂಲ್ ಪಾಸು. ಬೀಜಗಣಿತದ ಹಾಗೆ ಮರಗೆಲಸಕ್ಕೂ ಆ ಲೆಕ್ಕದಲ್ಲಿ ಜಾಗವಿತ್ತು. ಬಾಗಿಲಿನ ಚೌಕಟ್ಟು ಸರಿಯಾಗಿ ಕೂರಿಸುವುದೂ ಒಂದು ವಿದ್ಯೆ ಅಂತ ಶಾಲೆಯೇ ಒಪ್ಪಿಕೊಂಡ ಹಾಗಾಯಿತು, ಅಲ್ವಾ?

ಇದರ ಹಿಂದೆ ಸರ್ಕಾರದ ದುಡ್ಡೂ ಇತ್ತು. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಬಂದ ಮೇಲೆ ಬೇಸಾಯ, ಕೈಗಾರಿಕೆ ಕೆಲಸ ಮತ್ತು ಗೃಹವಿಜ್ಞಾನ ಕಲಿಸುವುದಕ್ಕೆ ಕೇಂದ್ರದಿಂದ ಹಣ ಸಿಕ್ಕಿತು. ಬೇಸಾಯದ ಕ್ಲಾಸಿಗೆ ಸೇರಿದವನು ಪುಸ್ತಕ ಓದಿದರೆ ಸಾಲದು. ವರ್ಷಕ್ಕೆ ಕನಿಷ್ಠ ಆರು ತಿಂಗಳು ಹೊಲದಲ್ಲೋ ಕೊಟ್ಟಿಗೆಯಲ್ಲೋ ಕೆಲಸ ಮಾಡಲೇಬೇಕು ಅಂತ ಕಾಯ್ದೆಯಲ್ಲೇ ಬರೆದಿತ್ತು. ಮೇಷ್ಟ್ರು ಅವನ ಮನೆಗೇ ಹೋಗಿ ಕರು ಹೇಗಿದೆ, ಜೋಳ ಹೇಗೆ ಬಂದಿದೆ ಅಂತ ನೋಡುತ್ತಿದ್ದರು. 1928ರಲ್ಲಿ ಈ ಹುಡುಗರದ್ದೇ ಒಂದು ಸಂಘ ಶುರುವಾಯಿತು, 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ'. ಬೆನ್ನ ಮೇಲೆ ರಾಜ್ಯದ ಹೆಸರು ಹೊಲಿದ ಅವರ ನೀಲಿ ಕಾರ್ಡುರಾಯ್ ಜಾಕೆಟ್ ಇವತ್ತಿಗೂ ಅಲ್ಲಿನ ಹಳ್ಳಿಗಳಲ್ಲಿ ಕಾಣುತ್ತದೆ. ಆದರೆ ದಕ್ಷಿಣದ ಕರಿಯ ಹುಡುಗರಿಗೆ ಬೇರೆ ಸಂಘ, ಕಪ್ಪು ಜಾಕೆಟ್. ಎರಡೂ ಸಂಘ ಒಂದಾಗಿದ್ದು 1965ರಲ್ಲಿ. ಇಡೀ ದೇಶದಲ್ಲಿ ಹುಡುಗಿಯರಿಗೆ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಅಲ್ಲಿಯೂ ಕಡಿಮೆ ಇರಲಿಲ್ಲ. ಆದರೂ ಅಷ್ಟು ಕಾಯಬೇಕಾಯಿತು.

ಹುಡುಗಿಯರಿಗೆ ಅಡುಗೆ, ಹೊಲಿಗೆ ಇದ್ದೇ ಇತ್ತು. ಅವರು ಜಾಸ್ತಿ ಕಾಣುತ್ತಿದ್ದ ಇನ್ನೊಂದು ಜಾಗ ಟೈಪಿಂಗ್ ಕೋಣೆ. ಸಾಲಾಗಿ ಟೈಪ್‌ರೈಟರುಗಳು. ಎಷ್ಟೋ ಕಡೆ ಕೀಲಿಗಳ ಮೇಲೆ ಅಕ್ಷರವೇ ಇಲ್ಲ, ಗೋಡೆಯ ಮೇಲಿನ ಚಾರ್ಟ್ ನೋಡಿ ಬೆರಳಿಗೆ ಅಭ್ಯಾಸ ಆಗಬೇಕು. ಐದು ಅಕ್ಷರಕ್ಕೆ ಒಂದು ಪದದ ಲೆಕ್ಕ, ನಿಮಿಷಕ್ಕೆ ಎಷ್ಟು ಪದ ಅನ್ನುವುದೇ ಪರೀಕ್ಷೆ. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಮಾಡಿದವರಿಗೆ ಆ ಟಕಟಕ ಸದ್ದು ಈಗಲೂ ಕಿವಿಯಲ್ಲಿರುತ್ತದೆ. ಶಾರ್ಟ್‌ಹ್ಯಾಂಡ್ ಮಾತ್ರ ಬೇರೆ. ನಾವು ಕಲಿತಿದ್ದು ಪಿಟ್‌ಮನ್, ಅಲ್ಲಿ ಹೆಚ್ಚಾಗಿ ಗ್ರೆಗ್. ಈ ಕೋಣೆಯಿಂದ ಹೊರಬಂದ ಹುಡುಗಿಗೆ ಆಫೀಸಿನಲ್ಲಿ ಕೆಲಸ ಸಿಗುತ್ತಿತ್ತು, ಸ್ವಂತ ಸಂಬಳ ಬರುತ್ತಿತ್ತು. ಅದನ್ನು ನಾನು ಸಣ್ಣದು ಅನ್ನುವುದಿಲ್ಲ.

ಹಾಗಾದರೆ ನೋವು ಎಲ್ಲಿ? ಯಾರು ಯಾವ ಕ್ಲಾಸಿಗೆ ಹೋಗಬೇಕು ಅಂತ ಹೇಳುವವರು ಯಾರು ಅನ್ನುವಲ್ಲಿ. ಶಾಲೆಯಲ್ಲಿ ಕೌನ್ಸಿಲರ್ ಇರುತ್ತಿದ್ದರು. ಹದಿನಾಲ್ಕು ವರ್ಷದ ಮಗುವಿನ ಅಂಕ, ಬುದ್ಧಿ ಪರೀಕ್ಷೆಯ ನಂಬರ್ ನೋಡಿ, ನಿನಗೆ ಕಾಲೇಜಿನ ದಾರಿ, ನಿನಗೆ ಶಾಪ್ ಅಂತ ಹೇಳುತ್ತಿದ್ದರು. ಎಷ್ಟೋ ಸಲ ಅಪ್ಪನ ಕೆಲಸ, ಮೈಬಣ್ಣ, ಮನೆಮಾತು ಕೂಡ ಆ ತೀರ್ಮಾನದಲ್ಲಿ ಸೇರಿಕೊಳ್ಳುತ್ತಿದ್ದವು.

1957ರ ಅಕ್ಟೋಬರಿನಲ್ಲಿ ರಷ್ಯಾದ ಸ್ಪುಟ್ನಿಕ್, ಅಂದರೆ ಜಗತ್ತಿನ ಮೊದಲ ಕೃತಕ ಉಪಗ್ರಹ, ಹಾರಿತು. ಅಮೆರಿಕ ಗಾಬರಿಯಾಯಿತು. ಮರುವರ್ಷವೇ ಕಾಯ್ದೆ ಮಾಡಿ ವಿಜ್ಞಾನ, ಗಣಿತ, ವಿದೇಶಿ ಭಾಷೆಗಳಿಗೆ ದುಡ್ಡು ಸುರಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಾಂಟ್ ಊರೂರು ತಿರುಗಿ ಹೈಸ್ಕೂಲುಗಳನ್ನು ನೋಡಿ, 1959ರಲ್ಲಿ ವರದಿ ಕೊಟ್ಟರು. ಎಲ್ಲರೂ ಒಂದೇ ಶಾಲೆಯಲ್ಲಿ ಓದುವ ಪದ್ಧತಿ ಉಳಿಯಲಿ ಅಂದರು. ಅವರ ಒಂದು ಸಲಹೆ ನನಗೆ ಬಹಳ ಹಿಡಿಸಿತು. ಪಾಠ ಬೇರೆ ಬೇರೆ ಇದ್ದರೂ, ಕೊನೆಯ ವರ್ಷ ದೇಶದ ಸಮಸ್ಯೆಗಳನ್ನು ಚರ್ಚಿಸುವ ಕ್ಲಾಸಿನಲ್ಲಿ ಎಲ್ಲ ಬಗೆಯ ಮಕ್ಕಳೂ ಒಟ್ಟಿಗೆ ಕೂರಬೇಕು ಅಂತ.

ಇದರ ಗಾಳಿ ನಮ್ಮ ಕಡೆಗೂ ಬೀಸಿತ್ತು. ನಮ್ಮ ಹೈಸ್ಕೂಲು ಶಿಕ್ಷಣ ಹೇಗಿರಬೇಕು ಅಂತ ಹೇಳಲು ಕೇಂದ್ರ ಸರ್ಕಾರ ನೇಮಿಸಿದ್ದ 1952-53ರ ಮೊದಲಿಯಾರ್ ಆಯೋಗದಲ್ಲಿ ಒಬ್ಬ ಅಮೆರಿಕನ್ ಸದಸ್ಯರೂ ಇದ್ದರು. ಓದೂ ಕಸುಬೂ ಒಟ್ಟಿಗೆ ಕಲಿಸುವ ವಿವಿಧೋದ್ದೇಶ ಶಾಲೆಗಳು ಬೇಕು ಅಂತ ಅದು ಹೇಳಿತು. ಅಂಥ ಶಾಲೆಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಲು 1963ರಲ್ಲಿ ಮೈಸೂರಿನ ರೀಜನಲ್ ಕಾಲೇಜು ಶುರುವಾಯಿತು. ಅದರ ಆವರಣದ ಡೆಮಾನ್‌ಸ್ಟ್ರೇಷನ್ ಶಾಲೆಯ ಪೂರ್ತಿ ಹೆಸರಿನಲ್ಲಿ 'ಮಲ್ಟಿಪರ್ಪಸ್' ಅನ್ನುವ ಮಾತು ಇರುವುದು ಇದೇ ಕಾರಣಕ್ಕೆ.

ಕೊನೆಯದಾಗಿ ಅಮೆರಿಕದ ವರ್ಜೀನಿಯಾ ರಾಜ್ಯದ ಫಾರ್ಮ್‌ವಿಲ್ ಅನ್ನುವ ಸಣ್ಣ ಊರಿನ ವಿಷಯ. ಕರಿಯ ಮಕ್ಕಳಿಗಾಗಿ ಅಲ್ಲಿ ಮೋಟನ್ ಹೈಸ್ಕೂಲ್ ಇತ್ತು. ಸುಮಾರು 180 ಮಕ್ಕಳಿಗೆ ಅಂತ ಕಟ್ಟಿದ ಶಾಲೆಯಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಜಾಗ ಸಾಲದ್ದಕ್ಕೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳನ್ನು ಎಬ್ಬಿಸಿದ್ದರು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಅನ್ನುವ ಹದಿನಾರರ ಹುಡುಗಿ ಎಲ್ಲರನ್ನೂ ಸೇರಿಸಿ, ಇನ್ನು ಕ್ಲಾಸಿಗೆ ಹೋಗುವುದಿಲ್ಲ ಅಂದಳು. ಮಕ್ಕಳೆಲ್ಲ ಹೊರಗೆ ನಡೆದರು. ವಿಷಯ ಕೋರ್ಟಿಗೆ ಹೋಯಿತು. ಬಿಳಿಯರ ಶಾಲೆಯಲ್ಲಿದ್ದು ಮೋಟನ್‌ನಲ್ಲಿ ಇಲ್ಲದ ಪಾಠಗಳು ಯಾವುವು ಅಂತ ಅಲ್ಲಿ ದಾಖಲಾಯಿತು. ಭೌತಶಾಸ್ತ್ರ, ಲ್ಯಾಟಿನ್ ಇರಲಿಲ್ಲ. ಮರಗೆಲಸದ ಶಾಪ್, ಮೆಷಿನ್ ಶಾಪ್, ಕರೆಂಟ್ ಕೆಲಸದ ಶಾಪ್ ಕೂಡ ಇರಲಿಲ್ಲ. ನನಗೆ ತಡೆಯಲಾಗದ ಮಾತು ಇದು. ಆ ಮಕ್ಕಳನ್ನು ಕೈಕೆಲಸಕ್ಕೆ ತಳ್ಳಿದ್ದೂ ಅಲ್ಲ, ಕೈಕೆಲಸವನ್ನೂ ಸರಿಯಾಗಿ ಕಲಿಸಿರಲಿಲ್ಲ.

1954ರಲ್ಲಿ ಶಾಲೆಗಳಲ್ಲಿ ಬಣ್ಣಭೇದ ಕೂಡದು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಅದರಲ್ಲಿ ಸೇರಿದ್ದ ಐದು ಮೊಕದ್ದಮೆಗಳಲ್ಲಿ ಈ ಮಕ್ಕಳದ್ದೂ ಒಂದು. ಒಟ್ಟಿಗೆ ಕೂರಿಸುವ ಬದಲು ಅಲ್ಲಿನ ಆಡಳಿತ 1959ರಲ್ಲಿ ಎಲ್ಲ ಸರ್ಕಾರಿ ಶಾಲೆಗಳಿಗೂ ಬೀಗ ಹಾಕಿತು. ಆ ಬೀಗ ತೆಗೆದದ್ದು ಐದು ವರ್ಷ ಕಳೆದ ಮೇಲೆ, ಮತ್ತೆ ಸುಪ್ರೀಂ ಕೋರ್ಟ್ ಹೇಳಿದಾಗ.

ನಮಸ್ಕಾರ.