ಭೋಗ್ಯದ ಮನೆ ಮತ್ತು ಸತ್ತ ಒತ್ತೆ

ಮಾರ್ಟ್‌ಗೇಜ್. ಅಂದರೆ ಅಡಮಾನ. ಇಂಗ್ಲಿಷ್ ಪದದ ನಡುವಿನ ಆ ಟಕಾರವನ್ನು ಇಂಗ್ಲಿಷರು ಉಚ್ಚರಿಸುವುದಿಲ್ಲ. ಆದರೂ ಬರವಣಿಗೆಯಲ್ಲಿ ಅದು ಉಳಿದದ್ದು ಒಳ್ಳೆಯದಾಯಿತು, ಪದದ ಹುಟ್ಟು ಅದರಲ್ಲೇ ಇದೆ. ಹಳೆಯ ಫ್ರೆಂಚಿನಲ್ಲಿ ಮೊದಲ ಭಾಗಕ್ಕೆ ಸತ್ತದ್ದು ಎಂದರ್ಥ, ಎರಡನೆಯದಕ್ಕೆ ಒತ್ತೆ. ಸತ್ತ ಒತ್ತೆ!

ಏನು ಸತ್ತಿತು? 15ನೇ ಶತಮಾನದ ನ್ಯಾಯಾಧೀಶ ಥಾಮಸ್ ಲಿಟಲ್‌ಟನ್ ಕೊಟ್ಟ ವಿವರಣೆಯೇ ಎಲ್ಲ ಕಡೆ ಓಡಾಡುತ್ತದೆ: ಸಾಲ ತೀರದಿದ್ದರೆ ಭೂಮಿ ಸಾಲಗಾರನ ಪಾಲಿಗೆ ಸತ್ತಿತು, ತೀರಿದರೆ ಒತ್ತೆ ಸಾಹುಕಾರನ ಪಾಲಿಗೆ ಸತ್ತಿತು. ಸೊಗಸಾಗಿದೆ. ಆದರೆ ಅದಕ್ಕೂ ಸುಮಾರು 300 ವರ್ಷ ಹಿಂದಿನ, ಗ್ಲಾನ್ವಿಲ್ ಹೆಸರಿನ ಕಾನೂನು ಗ್ರಂಥದಲ್ಲಿ ಅರ್ಥವೇ ಬೇರೆ. ಒತ್ತೆ ಇಟ್ಟ ಜಮೀನಿನ ಫಸಲನ್ನು ಸಾಹುಕಾರ ಉಣ್ಣುತ್ತಾನೆ, ಅಸಲಿನಲ್ಲಿ ಮಾತ್ರ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಅದು ಸತ್ತ ಒತ್ತೆ. ನನಗೆ ಈ ಹಳೆಯ ಅರ್ಥವೇ ಹೆಚ್ಚು ಒಪ್ಪಿಗೆ, ಏಕೆಂದರೆ ಅದು ಬೆಂಗಳೂರಿನಲ್ಲಿ ಇವತ್ತಿಗೂ ಬದುಕಿದೆ.

ಭೋಗ್ಯದ ಕರಾರನ್ನೇ ನೋಡಿ: "ಮನೆಗೆ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ." 10 ಲಕ್ಷ ಕೊಟ್ಟು 3 ವರ್ಷ ವಾಸವಿದ್ದರೂ ಹಿಂದಕ್ಕೆ ಬರಬೇಕಾದದ್ದು ಪೂರ್ತಿ 10 ಲಕ್ಷ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58(ಡಿ) ಕಲಮು ಇಂಥದ್ದನ್ನೇ ಸ್ವಾಧೀನ ಅಡಮಾನ ಎನ್ನುತ್ತದೆ. ನಾವೋ ಬಾಯ್ಮಾತಿಗೆ ಲೀಸ್ ಎನ್ನುತ್ತೇವೆ, ಅಲ್ಲೇ ಎಡವುತ್ತೇವೆ. ಭೋಗ್ಯಕ್ಕೆ ಹಣ ಕೊಟ್ಟವರು ಬಾಡಿಗೆದಾರರಲ್ಲ, ಸಾಲ ಕೊಟ್ಟವರು. ಸಾಲ ಕೊಡುವವರು ನೋಡುವಷ್ಟೇ ನೋಡಿ ಕೊಡಬೇಕು.

100 ರೂಪಾಯಿ ಮೇಲ್ಪಟ್ಟ ಇಂಥ ಅಡಮಾನಕ್ಕೆ 59ನೇ ಕಲಮಿನ ಪ್ರಕಾರ ನೋಂದಣಿ ಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಇ-ಸ್ಟ್ಯಾಂಪ್ ಕಾಗದದಲ್ಲಿ ಬರೆದು ನೋಟರಿ ಮುದ್ರೆ ಒತ್ತಿಸಿದರೆ ಸಾಲದು. ಆ ಕಾಗದ ಹಿಡಿದು ಹಣ ವಾಪಸ್ ಕೇಳಿ ದಾವೆ ಹೂಡಬಹುದು, ಮನೆಯ ಮೇಲೆ ಅಡಮಾನದ ಹಕ್ಕು ಮಾತ್ರ ಸಿಗುವುದಿಲ್ಲ.

ದೊಡ್ಡ ಅಪಾಯ ಇನ್ನೊಂದಿದೆ. ಮಾಲೀಕರು ಮೊದಲೇ ಕ್ರಯಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ಪಡೆದಿರಬಹುದು. ಹಾಗೆ ಪತ್ರ ಇಟ್ಟು ಮಾಡಿದ ಅಡಮಾನಕ್ಕೆ ನೋಂದಣಿ ಕಡ್ಡಾಯವಲ್ಲದ ಕಾರಣ ಇ.ಸಿ.ಯಲ್ಲಿ, ಅಂದರೆ ಸ್ವತ್ತಿನ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಅದು ಕಾಣದೇ ಹೋಗಬಹುದು. ಕಂತು ನಿಂತರೆ ಬ್ಯಾಂಕುಗಳ ಸಾಲ ವಸೂಲಿಗೆಂದೇ ಇರುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆ ಹರಾಜು ಹಾಕುತ್ತದೆ, ಮೊದಲ ಹಕ್ಕು ಅದರದ್ದೇ. ಆದ್ದರಿಂದ ಮುಂಗಡ ಕೊಡುವ ಮೊದಲು ಇ.ಸಿ. ಜೊತೆಗೆ ಮೂಲ ಕ್ರಯಪತ್ರವನ್ನೇ ಕೈಯಲ್ಲಿ ಹಿಡಿದು ನೋಡಿ. ಜೆರಾಕ್ಸ್ ತೋರಿಸಿದರೆ ಮೂಲ ಎಲ್ಲಿದೆ ಎಂದು ಕೇಳಿ. ಸೆರ್ಸಾಯ್ (CERSAI) ಜಾಲತಾಣದಲ್ಲೂ ಹುಡುಕಿ, ಬ್ಯಾಂಕುಗಳ ಅಡಮಾನ ಅಲ್ಲಿ ದಾಖಲಾಗುತ್ತದೆ.

ಮಾಲೀಕರಿಗೂ ಒಂದು ಮಾತು: ಹಣ ತೀರಿಸಿ ಬೀಗದ ಕೈ ಪಡೆಯುವ ದಿನವೇ ಅಡಮಾನ ತೀರಿತೆಂಬ ಖುಲಾಸೆ ಪತ್ರವನ್ನೂ ನೋಂದಾಯಿಸಿಕೊಳ್ಳಿ. ಇಲ್ಲದಿದ್ದರೆ ತೀರಿದ ಸಾಲ ನಿಮ್ಮ ಇ.ಸಿ.ಯಲ್ಲಿ ಹಾಗೇ ಕೂತಿರುತ್ತದೆ.